ಟೈರ್ಡ್, ಟೈರಿಂಗ್ ಬಳಸಿ ಹತ್ತು ವಾಕ್ಯ ಬರೆದುಕೊಡುತ್ತೀರಾ? ಇಂಟರ್‌ವ್ಯೂಗೆ ಬಾಯಿಪಾಠ ಮಾಡಬೇಕು

ಬರೆದುಕೊಡುವುದಿಲ್ಲ. ಬಾಯಿಪಾಠ ಮಾಡಿಯೇ ನಾನು ಕೈಗೆ ಬಂದ ಕೆಲಸ ಕಳೆದುಕೊಂಡೆ.

ನಾನು ವಿಜಯಪುರದವನು. ಡಿಗ್ರಿ ಮುಗಿಸಿ ಗೋಳಗುಮ್ಮಟಕ್ಕೆ ಬರುವ ಪ್ರವಾಸಿಗರಿಗೆ ಗೈಡ್ ಆಗಬೇಕೆಂದು ಹೊರಟಿದ್ದೆ. ಮಹಮ್ಮದ್ ಆದಿಲ್ ಶಾಹನ ಸಮಾಧಿ, 1656ರಲ್ಲಿ ಮುಗಿದದ್ದು, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಇದೆಲ್ಲ ಇಂಗ್ಲಿಷಿನಲ್ಲಿ ಎಲ್ಲೂ ತಡವರಿಸದೆ ಬರುತ್ತಿತ್ತು. ಒಂದು ಟ್ರಾವೆಲ್ಸ್‌ನವರು ನೋಡೋಣವೆಂದು ಇಂಗ್ಲೆಂಡಿನಿಂದ ಬಂದ ವಯಸ್ಸಾದ ಗಂಡ-ಹೆಂಡತಿಯನ್ನು ನನ್ನ ಜೊತೆ ಕಳಿಸಿದರು.

ಮೂಲೆಯ ಮಿನಾರಿನ ಏಳು ಅಂತಸ್ತು ಹತ್ತಿದರೇನೇ ಪಿಸುಮಾತಿನ ಗ್ಯಾಲರಿ. ಮೆಟ್ಟಿಲು ಕಡಿದು, ಇಕ್ಕಟ್ಟು. ಮೇಲೆ ಬರುವಷ್ಟರಲ್ಲಿ ಆ ತಾಯಿ ಗೋಡೆ ಹಿಡಿದು ನಿಂತುಬಿಟ್ಟರು. ಮುಖ ಕೆಂಪಾಗಿತ್ತು, ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆಯಲೂ ಆಗುತ್ತಿರಲಿಲ್ಲ. ನನಗೆ ಕರುಳು ಚುರ್ ಎಂದಿತು. ‘ಮೇಡಂ, ಯು ಆರ್ ವೆರಿ ಟೈರಿಂಗ್’ ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೆಳಗಿಳಿದ ಮೇಲೆ ಡ್ರೈವರ್ ಕಾಕಾ ಬದಿಗೆ ಕರೆದು, ‘ಏನಂದಿ ತಮ್ಮಾ? ನೀವು ಭಾಳ ತಲಿ ತಿಂತೀರಿ ಅಂದಂಗಾತಂತ ಅವರಿಗೆ’ ಎಂದರು. ಟ್ರಾವೆಲ್ಸ್‌ನವರು ಮತ್ತೆ ಕರೆಯಲಿಲ್ಲ.

ಆ ಮಾತು ಬಾಯಿಗೆ ಹೇಗೆ ಬಂತು ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ನನ್ನ ತಲೆಯಲ್ಲಿದ್ದದ್ದು ‘ನಿಮಗ ದಣಿವಾಗಾಕತ್ತದ’. ‘ಆಕತ್ತದ’ ಬಂದ ಕಡೆಯೆಲ್ಲ ಐಎನ್‌ಜಿ ಹಚ್ಚಬೇಕೆಂದು ಶಾಲೆಯಲ್ಲಿ ಕಲಿತಿದ್ದೆ, ಹಚ್ಚಿದೆ. ‘ನಿಮಗೆ’ ಎಂಬುದು ‘ಯು’ ಆಯಿತು. ದಣಿದವರು ಹೋಗಿ ದಣಿಸುವವರಾದರು. ಕೆಟ್ಟದ್ದೇನೆಂದರೆ, ಆ ವಾಕ್ಯದಲ್ಲಿ ವ್ಯಾಕರಣದ ತಪ್ಪೇ ಇಲ್ಲ. ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಿರಲಿಲ್ಲ. ಅರ್ಥ ಮಾತ್ರ ತಿರುಗಿ ಕೂತಿತ್ತು.

ಹಾಗಾಗಿ ಹತ್ತು ವಾಕ್ಯ ಉರುಹೊಡೆದರೆ ಹನ್ನೊಂದನೆಯದು ಬಂದಾಗ ನೀವು ನನ್ನ ಹಾಗೇ ಸಿಕ್ಕಿಬೀಳುತ್ತೀರಿ. ಇದಕ್ಕೆ ಬೇಕಾದದ್ದು ಕನ್ನಡದಲ್ಲೇ ಇದೆ. ದಣಿಸುವ ಮೆಟ್ಟಿಲು, ದಣಿದ ಅಜ್ಜಿ. ಮೆಟ್ಟಿಲು ಟೈರಿಂಗ್, ಅಜ್ಜಿ ಟೈರ್ಡ್. ಹೆದರಿಸುವ ನಾಯಿ ಫ್ರೈಟನಿಂಗ್, ಅದೇ ನಾಯಿ ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿದರೆ ಫ್ರೈಟನ್ಡ್. ಬೋರಿಂಗ್, ಬೋರ್ಡ್ ಕೂಡ ಇದೇ ದಾರಿ. ಬಾಯಿ ತೆರೆಯುವ ಮುಂಚೆ ಮನಸ್ಸಿನಲ್ಲಿ ಒಮ್ಮೆ ‘ಸುವ’ ಅನ್ನಿ, ಒಮ್ಮೆ ‘ದ’ ಅನ್ನಿ. ಯಾವುದು ಹೊಂದುತ್ತದೆ ಎಂದು ನಿಮ್ಮ ಕಿವಿಯೇ ಹೇಳುತ್ತದೆ.

ಇನ್ನೊಂದು. ‘ಟೈರ್ಡ್ ಆಫ್’ ಎಂದರೆ ಮೈದಣಿವಲ್ಲ, ಬೇಸತ್ತಿದ್ದು. ಇಂಟರ್‌ವ್ಯೂದಲ್ಲಿ ‘ಐ ಆ್ಯಮ್ ಟೈರ್ಡ್ ಆಫ್ ಟ್ರಾವೆಲಿಂಗ್’ ಎಂದರೆ ನಿಮಗೆ ಓಡಾಟವೇ ಸಾಕಾಗಿದೆ ಎಂದಾಗುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದು ಸುಸ್ತಾಗಿದ್ದರೆ ‘ಟೈರ್ಡ್ ಫ್ರಮ್ ದ ಜರ್ನಿ’ ಅನ್ನಿ.

ಎರಡು ವರ್ಷದ ಮೇಲೆ ಬೇರೆಯವರ ಹತ್ತಿರ ಗೈಡ್ ಕೆಲಸ ಸಿಕ್ಕಿತು. ಈಗಲೂ ಆ ಮೆಟ್ಟಿಲು ಹತ್ತಿಸುವ ಮುಂಚೆ ಕೆಳಗೇ ನಿಂತು ಹೇಳುತ್ತೇನೆ: ‘ದಿಸ್ ಕ್ಲೈಂಬ್ ಈಸ್ ಟೈರಿಂಗ್. ಟೆಲ್ ಮಿ ವೆನ್ ಯು ಆರ್ ಟೈರ್ಡ್.’