ಜೈಲಿನಿಂದ ಪಾಲಿನ ದಾವೆ: ಕೋರ್ಟ್ ಫೀ ಕಟ್ಟಲು ದುಡ್ಡಿಲ್ಲದಿದ್ದರೆ

ನಿಮ್ಮ ತಮ್ಮ ಜೈಲಿನಲ್ಲಿದ್ದಾರೆ, ಕೈಯಲ್ಲಿ ಕಾಸಿಲ್ಲ, ವಕೀಲರಿಲ್ಲದೆ ಆಸ್ತಿ ಪಾಲಿಗೆ ದಾವೆ ಹಾಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ನಿರ್ಗತಿಕ ಅಂತ ಅರ್ಜಿ ಕೊಟ್ಟು ಕೋರ್ಟ್ ಒಪ್ಪಿದರೆ ಫೀ ಮೊದಲೇ ಕಟ್ಟಬೇಕಿಲ್ಲ. ಅರ್ಜಿಯ ಜೊತೆ ಅವರ ಆಸ್ತಿ, ಸಾಮಾನುಗಳ ಪಟ್ಟಿ ಮತ್ತು ಅಂದಾಜು ಬೆಲೆ ಕೊಡಬೇಕು. ಏನನ್ನೂ ಮುಚ್ಚಿಡಬೇಡಿ. ನಿರ್ಗತಿಕರೇ ಅಂತ ನೋಡುವಾಗ, ಈ ದಾವೆಯಲ್ಲಿ ಕೇಳುತ್ತಿರುವ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತೊಡಕಿರುವುದು ಇಲ್ಲಿ: ಅರ್ಜಿಯನ್ನು ಖುದ್ದಾಗಿ ಸಲ್ಲಿಸಬೇಕು. ಕೋರ್ಟ್ ಹಾಜರಾತಿಯಿಂದ ವಿನಾಯಿತಿ ಕೊಟ್ಟರೆ, ವಿಷಯ ಪೂರ್ತಿ ಗೊತ್ತಿರುವ ಪ್ರತಿನಿಧಿ ಸಲ್ಲಿಸಬಹುದು.

ಆದ್ರೂ ಒಬ್ಬರೇ ಯಾಕೆ ಒದ್ದಾಡಬೇಕು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರು, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳಬಹುದು. ಸಿವಿಲ್ ಕೇಸಿಗೂ! ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಇವತ್ತೇ ಬರೆಯಿರಿ.