ಪ್ರೆಗ್ನೆನ್ಸೀಲಿ ಸಿಗರೇಟ್ ಪೂರ್ತಿ ಬಿಟ್ರೆ ಸ್ಟ್ರೆಸ್ ಹಾರ್ಮೋನ್ ಏರುತ್ತಾ? ಡಾಕ್ಟರ್‌ಗೆ ಹೇಳ್ಲೇಬೇಕಾ?

ಒಂಬತ್ತನೇ ವಾರ, ದಿನಕ್ಕೆ ಎರಡಕ್ಕೆ ಇಳಿಸಿದೀನಿ, ಮನೇಲಿ ಯಾರಿಗೂ ಗೊತ್ತಿಲ್ಲ ಅಂತ ಬರ್ದಿದೀರಲ್ಲ, ಓದಿ ಎದೆ ಧಸಕ್ ಅಂತು, ಐದು ವರ್ಷದ ಹಿಂದೆ ನಂದೂ ಇದೇ ಕತೆ.

ಆಫೀಸ್ ಕೆಳಗಿನ ಟೀ ಅಂಗಡೀಲಿ ದಿನಕ್ಕೆ ಎಂಟು ಸೇದ್ತಿದ್ದೋಳು ಎರಡಕ್ಕೆ ಬಂದಿದ್ದೆ, ಡಾಕ್ಟರ್‌ಗೂ ಹೇಳಿರ್ಲಿಲ್ಲ. ಹನ್ನೆರಡನೇ ವಾರ ಡಬಲ್ ಮಾರ್ಕರ್‌ಗೆ, ಅಂದ್ರೆ ಮಗುಗೆ ಡೌನ್ ಸಿಂಡ್ರೋಮ್ ಥರ ಹುಟ್ಟಿನಿಂದ ಬರೋ ತೊಂದರೆ ಇರೋ ಸಾಧ್ಯತೆ ಎಷ್ಟು ಅಂತ ನೋಡೋ ರಕ್ತದ ಟೆಸ್ಟ್‌ಗೆ, ಹೋದಾಗ ಲ್ಯಾಬ್‌ನೋರು ಫಾರ್ಮ್ ಕೊಟ್ರು. ವಯಸ್ಸು, ತೂಕ, ಶುಗರ್ ಇದ್ಯಾ, ಸ್ಮೋಕ್ ಮಾಡ್ತೀರಾ. ಪಕ್ಕದಲ್ಲೇ ಅತ್ತೆ ಕೂತಿದ್ರು. ಇಲ್ಲ ಅಂತ ಟಿಕ್ ಹಾಕ್ಬಿಟ್ಟೆ.

ಆ ಒಂದು ಟಿಕ್ ಏನ್ ಮಾಡ್ತು ಅಂತ ಬಿಡಿಸಿ ಹೇಳ್ತೀನಿ. ಆ ಟೆಸ್ಟಲ್ಲಿ ನೋಡೋದು ಎರಡು, ಎಚ್‌ಸಿಜಿ ಹಾರ್ಮೋನ್, ಇನ್ನೊಂದು ಪ್ಯಾಪ್-ಎ ಅನ್ನೋ ಪ್ರೋಟೀನ್, ಎರಡೂ ಪ್ಲಾಸೆಂಟಾದಿಂದ, ಅಂದ್ರೆ ಮಗುಗೆ ಆಹಾರ ಕೊಡೋ ಮಾಸಿನಿಂದ ಬರೋದು. ಸೇದೋರಲ್ಲಿ ಎಚ್‌ಸಿಜಿ ಸ್ವಲ್ಪ ಇಳಿಯುತ್ತೆ, ಪ್ಯಾಪ್-ಎ ಇನ್ನೂ ಜಾಸ್ತಿ ಇಳಿಯುತ್ತೆ. ಮಗುಗೆ ಡೌನ್ ಸಿಂಡ್ರೋಮ್ ಇದ್ರೂ ಪ್ಯಾಪ್-ಎ ಕಮ್ಮೀನೇ ಇರುತ್ತೆ, ಅದಕ್ಕೇ ಫಾರ್ಮಲ್ಲಿ ಆ ಪ್ರಶ್ನೆ, ಹೌದು ಅಂದ್ರೆ ಲೆಕ್ಕದಲ್ಲಿ ಸರಿ ಮಾಡ್ಕೋತಾರೆ. ನಾನು ಇಲ್ಲ ಅಂದಿದ್ದೆ, ರಿಪೋರ್ಟಲ್ಲಿ ಹೈ ರಿಸ್ಕ್ ಅಂತ ಬಂತು. ಹೊಟ್ಟೆಗೆ ಸೂಜಿ ಹಾಕಿ ಮಗು ಸುತ್ತ ಇರೋ ನೀರು ತೆಗೆದು ಟೆಸ್ಟ್ ಮಾಡೋ ಮಾತು ಶುರುವಾಯ್ತು, ನಮ್ಮನೆಯವ್ರು ರಾತ್ರಿಯೆಲ್ಲ ಗೋಡೆ ನೋಡ್ಕೊಂಡು ಕೂತಿದ್ರು, ನಂಗೆ ಕಾರಣ ಗೊತ್ತಿದ್ರೂ ಬಾಯಿ ಬಿಡೋಕಾಗ್ತಿಲ್ಲ. ನಾಲ್ಕನೇ ದಿನ ಒಬ್ಳೇ ಹೋಗಿ ಡಾಕ್ಟರ್ ಮುಂದೆ ಅತ್ತು ಹೇಳ್ದೆ. ಅವ್ರು ಬೈಲಿಲ್ಲ. ಲ್ಯಾಬ್‌ಗೆ ಫೋನ್ ಮಾಡಿ ಮತ್ತೆ ಲೆಕ್ಕ ಹಾಕ್ಸಿದ್ರು, ಅದೇ ರಕ್ತ, ರಿಸ್ಕ್ ಕಟ್-ಆಫ್‌ಗಿಂತ ಕೆಳಗೆ ಬಂತು.

ಇನ್ನು ಬಿಟ್ರೆ ಸ್ಟ್ರೆಸ್ ಹಾರ್ಮೋನ್ ಏರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಅಡ್ರಿನಲಿನ್, ಕಾರ್ಟಿಸಾಲ್ ಏರಿಸೋದೇ ನಿಕೋಟಿನ್, ರಕ್ತನಾಳ ಬಿಗಿ ಮಾಡೋದೂ ಅದೇ, ಅದು ಪ್ಲಾಸೆಂಟಾ ದಾಟಿ ಮಗುಗೂ ಹೋಗುತ್ತೆ. ಒಂದು ಸೇದಿ ಇನ್ನೊಂದು ಸೇದೋವರೆಗೂ ಆಗೋ ಚಡಪಡಿಕೇನೇ ನಾವು ಸ್ಟ್ರೆಸ್ ಅಂದ್ಕೊಂಡಿರ್ತೀವಿ. ಎರಡಕ್ಕೆ ಇಳಿಸಿದ್ಮೇಲೆ ನಾನು ಫಿಲ್ಟರ್ ಸುಡೋವರೆಗೂ ಎಳೀತಿದ್ದೆ, ಹಾಗೆ ಎಳೆದ್ರೆ ಲೆಕ್ಕಕ್ಕೆ ಎರಡೇ ಆದ್ರೂ ನಿಕೋಟಿನ್ ಅಷ್ಟೇನೂ ಕಮ್ಮಿ ಆಗಲ್ಲ, ನೀವೂ ಹಾಗೇ ಮಾಡ್ತಿದೀರಾ ನೋಡ್ಕೊಳ್ಳಿ.

ನಾನು ಡಾಕ್ಟರ್‌ಗೆ ಹೇಳಿದ ದಿನಾನೇ ಬಿಟ್ಟೆ. ಮೂರು ದಿನ ತಲೆನೋವು, ಸಿಡುಕು, ಎಲ್ಲಾರ ಮೇಲೂ ಕೂಗಾಡಿದೀನಿ, ಮೂರು ವಾರದಷ್ಟೊತ್ತಿಗೆ ತಣ್ಣಗಾಯ್ತು. ಸಿಗರೇಟ್ ಪ್ಯಾಕ್ ಮೇಲಿರೋ, ಬಿಡೋಕೆ ಸಹಾಯ ಮಾಡೋ 1800-11-2356 ನಂಬರ್‌ಗೆ ಫೋನ್ ಮಾಡಿದ್ದೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದ್ರು. ಮಗಳು 2.8 ಕೆಜಿ ಹುಟ್ಟಿದ್ಲು.

ನಿಮ್ಮ ಡಬಲ್ ಮಾರ್ಕರ್‌ಗೆ ಇನ್ನೂ ಎರಡು ಮೂರು ವಾರ ಇದೆ. ಅಷ್ಟರಲ್ಲಿ ಬಿಟ್ಟಿದ್ರೂ ಯಾವಾಗಿನ ತನಕ ಸೇದ್ತಿದ್ರಿ ಅಂತ ಹೇಳಿ. ಅತ್ತೆ ಜೊತೆಗೆ ಬಂದ್ರೆ ರಕ್ತ ತೆಗೆಯೋ ರೂಮ್ ಒಳಗೆ ಹೋದ್ಮೇಲೆ ಅಲ್ಲಿರೋರಿಗೆ ಹೇಳಿ ಫಾರ್ಮ್ ತಿದ್ದಿಸಿ.