ಆರೇ ಸ್ಯಾಕ್ ಮಾಡಿದ ಡಿಫೆನ್ಸಿವ್ ಎಂಡ್ ಮೊದಲ ಸುತ್ತಿನಲ್ಲಿ ಹೋಗ್ತಾನಾ?

ನಿಮ್ಮ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಟೀಮಿನ ಡಿಫೆನ್ಸಿವ್ ಎಂಡ್ (ರಕ್ಷಣಾ ಸಾಲಿನ ತುದಿಯಲ್ಲಿ ನಿಂತು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು) ಮೂರನೇ ವರ್ಷದಲ್ಲಿದ್ದಾನೆ, ಎತ್ತರವೂ ಇದ್ದಾನೆ, ಓಟವೂ ಚೆನ್ನಾಗಿದೆ, ಆದರೆ ಸೀಸನ್ ಪೂರ್ತಿ ಆರೇ ಸ್ಯಾಕ್, ಅಂದರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದ್ದು ಆರೇ ಸಲ, ಅಂತ ಬರೆದಿದ್ದೀರಿ. ಈಗಲೇ ಎನ್‌ಎಫ್‌ಎಲ್ ಡ್ರಾಫ್ಟಿಗೆ (ವೃತ್ತಿಪರ ಲೀಗಿನ ತಂಡಗಳು ಸುತ್ತು ಸುತ್ತಾಗಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಡೆ) ಹೋಗಬೇಕಾ, ಇನ್ನೊಂದು ವರ್ಷ ಕಾಲೇಜಲ್ಲೇ ಆಡಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ಆರೇ ಅಂತ ಬೇಜಾರು ಬೇಡ. ಜಾರ್ಜಿಯಾ ಯೂನಿವರ್ಸಿಟಿಯ ಟ್ರೇವಾನ್ ವಾಕರ್ 2021ರಲ್ಲಿ ಮಾಡಿದ್ದೂ ಆರೇ. ಮರುವರ್ಷದ ಡ್ರಾಫ್ಟಿನಲ್ಲಿ ಜಾಕ್ಸನ್‌ವಿಲ್ ತಂಡ ಅವನನ್ನೇ ಮೊಟ್ಟಮೊದಲು ಆರಿಸಿತು. ಅದೇ ಸೀಸನ್‌ನಲ್ಲಿ 14 ಸ್ಯಾಕ್ ಮಾಡಿ, ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವನಾಗಿ ಬಂದಿದ್ದ ಮಿಶಿಗನ್‌ನ ಏಡನ್ ಹಚಿನ್‌ಸನ್ ಅವನ ಹಿಂದೆ ಡೆಟ್ರಾಯಿಟ್‌ಗೆ ಹೋದ.

ಯಾಕೆ ಹೀಗಾಯ್ತು? ವಾಕರ್ ತೂಕ 272 ಪೌಂಡ್. ಅಷ್ಟು ತೂಕ ಹೊತ್ತು 40 ಗಜವನ್ನು 4.51 ಸೆಕೆಂಡಿನಲ್ಲಿ ಓಡಿದ. ತೋಳಿನ ಉದ್ದ 35 ಇಂಚಿಗೂ ಜಾಸ್ತಿ. ಹಚಿನ್‌ಸನ್ ತೋಳು 32 ಇಂಚಿಗೆ ಸ್ವಲ್ಪ ಮೇಲೆ, ಅಷ್ಟೇ. ಎದುರಿಗೆ ನಿಂತ ಟ್ಯಾಕಲ್‌ನ (ಕ್ವಾರ್ಟರ್‌ಬ್ಯಾಕನ್ನು ಕಾಯುವ ಆಟಗಾರನ) ಎದೆಗೆ ಯಾರ ಕೈ ಮೊದಲು ತಾಗುತ್ತೋ ಅವನದೇ ಮೇಲುಗೈ, ಅದಕ್ಕೇ ತಂಡಗಳು ತೋಳನ್ನೂ ಅಳೆಯುತ್ತವೆ. ಇನ್ನೊಂದು ಕಾರಣ, ಜಾರ್ಜಿಯಾದಲ್ಲಿ ವಾಕರ್‌ಗಿದ್ದ ಕೆಲಸ. ಎಷ್ಟೋ ಸಲ ಅವನನ್ನು ಲೈನಿನ ಒಳಗಡೆ ನಿಲ್ಲಿಸುತ್ತಿದ್ದರು. ಒಂದು ತುದಿಯಿಂದ ರನ್ ಕಟ್ಟಿಹಾಕುವ ಬೌಲರ್‌ನ ಹಾಗೆ, ಅವನು ಒತ್ತಡ ಹಾಕಿದಾಗ ವಿಕೆಟ್ ಬೇರೆಯವರಿಗೆ ಬೀಳುತ್ತಿತ್ತು.

ಹಾಗಂತ ಮೈಕಟ್ಟೇ ಸಾಕು ಅಂತಲೂ ಹೇಳಲಾರೆ. ಒಹಾಯೊ ಸ್ಟೇಟ್‌ನ ವರ್ನನ್ ಗೋಲ್‌ಸ್ಟನ್ ಹತ್ತಿರ ಎರಡೂ ಇತ್ತು: 2007ರಲ್ಲಿ 14 ಸ್ಯಾಕ್, ನೋಡಿದವರು ಬೆರಗಾಗುವ ಮೈಕಟ್ಟು. ನ್ಯೂಯಾರ್ಕ್ ಜೆಟ್ಸ್ ತಂಡ 2008ರಲ್ಲಿ ಅವನನ್ನು ಆರನೆಯವನಾಗಿ ಆರಿಸಿತು. ಎನ್‌ಎಫ್‌ಎಲ್‌ನಲ್ಲಿ ಅವನಿಗೆ ಒಂದೇ ಒಂದು ಸ್ಯಾಕ್ ಸಿಗಲಿಲ್ಲ.

ಅದಕ್ಕೇ ನಾನು ಆಟ ನೋಡಿ ಅನ್ನೋದು. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ನಿಮ್ಮ ಹುಡುಗನನ್ನೇ ನೋಡಿ. ಚೆಂಡು ಅಲುಗಿದ ತಕ್ಷಣ ಹೊರಡ್ತಾನಾ, ಪಕ್ಕದವರು ಹೊರಟ ಮೇಲೆ ಹೊರಡ್ತಾನಾ? ಟ್ಯಾಕಲ್ ಕೈ ಚಾಚಿದಾಗ ಅದನ್ನು ಹೊಡೆದು ತಳ್ಳುತ್ತಾನಾ, ಸುಮ್ನೆ ಎದೆ ಕೊಟ್ಟು ನಿಲ್ತಾನಾ? ಟ್ಯಾಕಲ್‌ನನ್ನು ಹೊರಗಡೆಯಿಂದ ಸುತ್ತುವಾಗ ಭುಜ ತಗ್ಗಿಸಿ, ವೇಗ ಕಳೆದುಕೊಳ್ಳದೆ ಒಳಗೆ ತಿರುಗ್ತಾನಾ? ಮೊದಲ ಪಟ್ಟು ಕೆಲಸ ಮಾಡದಿದ್ದರೆ ಎರಡನೆಯದು ಇದೆಯಾ? 2021ರ ನವೆಂಬರ್‌ನಲ್ಲಿ ಮಿಶಿಗನ್ 42-27ರಿಂದ ಒಹಾಯೊ ಸ್ಟೇಟ್ ತಂಡವನ್ನು ಸೋಲಿಸಿದ ಪಂದ್ಯವನ್ನು ಹುಡುಕಿ ನೋಡಿ. ಹಿಮ ಬೀಳ್ತಾ ಇದೆ, ಹಚಿನ್‌ಸನ್ ಮೂರು ಸ್ಯಾಕ್ ಮಾಡ್ತಾನೆ. ಗಿಡ್ಡ ತೋಳಿನವನು ಕಾಲು, ಕೈಗಳ ಜಾಣತನದಿಂದ ಹೇಗೆ ದಾರಿ ಮಾಡಿಕೊಳ್ತಾನೆ ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತೆ. ನನಗೆ ಅದು ಇವತ್ತಿಗೂ ಅಚ್ಚುಮೆಚ್ಚಿನ ಆಟ.

ನಿಮ್ಮ ಹುಡುಗನಿಗೆ ವೇಗ ಇದ್ದು ಕೈಗೆಲಸ ಇನ್ನೂ ಕಚ್ಚಾ ಇದ್ದರೆ, ಒಂದು ವರ್ಷ ಉಳಿಯೋದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹಚಿನ್‌ಸನ್ 2020ರಲ್ಲಿ ಕಾಲು ಮುರಿದುಕೊಂಡು, ಡ್ರಾಫ್ಟಿಗೆ ಹೋಗದೆ ವಾಪಸ್ ಬಂದವನು. ಆ ಒಂದು ವರ್ಷವೇ ಅವನನ್ನು ಎರಡನೇ ಆಯ್ಕೆಯವರೆಗೆ ಎತ್ತಿತು. ಮತ್ತೆ ಗಾಯವಾಗುವ ಭಯ ಇದ್ದೇ ಇದೆ, ಅದನ್ನು ತಳ್ಳಿಹಾಕಲ್ಲ. ಆದರೆ 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು, ಆದ್ದರಿಂದ ಉಳಿದರೆ ಖಾಲಿ ಕೈ ಅನ್ನೋ ಮಾತು ಈಗಿಲ್ಲ. ಎನ್‌ಎಫ್‌ಎಲ್‌ನ ಸಲಹಾ ಮಂಡಳಿ ಇಂಥ ಆಟಗಾರರಿಗೆ ಮೊದಲ ಸುತ್ತಾ, ಎರಡನೆಯದಾ, ಕಾಲೇಜಲ್ಲೇ ಇರೋದಾ ಅಂತ ಅಭಿಪ್ರಾಯ ಕೊಡುತ್ತೆ. ಕೋಚ್ ಮೂಲಕ ಅದನ್ನು ಮೊದಲು ತರಿಸಿಕೊಳ್ಳಲಿ.

ಹೋಗಲೇಬೇಕು ಅಂತ ತೀರ್ಮಾನಿಸಿದರೆ, ಕೆಳಗಿನ ಸುತ್ತು ಬಂತು ಅಂತ ಯಾರೂ ಅವನ ಮುಂದೆ ಮುಖ ಸಣ್ಣ ಮಾಡಬೇಡಿ. ಡೇನಿಯಲ್ ಹಂಟರ್ ಕೊನೆಯ ಕಾಲೇಜು ವರ್ಷದಲ್ಲಿ ಮಾಡಿದ್ದು ಒಂದೂವರೆ ಸ್ಯಾಕ್ (ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ). 2015ರಲ್ಲಿ 88ನೇ ಆಯ್ಕೆ. ಎನ್‌ಎಫ್‌ಎಲ್‌ನ ಮಿನ್ನೆಸೋಟಾ ತಂಡದಲ್ಲಿ 2018 ಮತ್ತು 2019ರಲ್ಲಿ ತಲಾ ಹದಿನಾಲ್ಕೂವರೆ ಮಾಡಿದ. ಈಸ್ಟರ್ನ್ ಮಿಶಿಗನ್‌ನ ಮ್ಯಾಕ್ಸ್ ಕ್ರಾಸ್ಬಿ 2019ರಲ್ಲಿ 106ನೆಯವನು, ಮೊದಲ ವರ್ಷವೇ ಹತ್ತು ಸ್ಯಾಕ್.

ನಿಮ್ಮ ಹುಡುಗನ ಒಂದೆರಡು ಪೂರ್ತಿ ಪಂದ್ಯ ಎಲ್ಲಿ ಸಿಗುತ್ತೆ ತಿಳಿಸಿ. ಬರೀ ಹೈಲೈಟ್ಸ್ ಬೇಡ. ನೋಡಿ ಇಲ್ಲೇ ಬರೀತೀನಿ.